ಏರ್ ಫಿಲ್ಟರಿಗೆ ಸಿಕ್ಕಿದ ಬಿಳಿ ಬಟ್ಟೆ

ಕುಂಬ್ರದ ಇಮ್ತಿಯಾಝ್ ಯಾವುದೇ ಕೆಲಸದ ವಿಡಿಯೋವನ್ನು ಒಮ್ಮೆ ನೋಡಿದರೆ ಸಾಕು, ಆ ಕೆಲಸ ತನಗೆ ಹುಟ್ಟಿನಿಂದಲೇ ಬರುತ್ತಿತ್ತು ಎಂದು ನಂಬಿಬಿಡುತ್ತಿದ್ದ. ಈ ನಂಬಿಕೆಯ ಫಲವಾಗಿ ಅವನ ಮನೆಯ ಮಿಕ್ಸಿ ಗುಂಡಿ ಒತ್ತದೆಯೂ ತಿರುಗುತ್ತದೆ. ಫ್ರಿಜ್ಜಿನ ಬಾಗಿಲು ತೆರೆದರೆ ಒಳಗಿನ ದೀಪ ಆರುತ್ತದೆ, ಮುಚ್ಚಿದರೆ ಉರಿಯುತ್ತದೆ ಎಂದು ಅವನ ಹೆಂಡತಿ ಫೌಝಿಯಾ ಆಣೆ ಹಾಕಿ ಹೇಳುತ್ತಾಳೆ.

ಜಂಕ್ಷನಿನಲ್ಲಿ ಅವನದೊಂದು ಫ್ಯಾನ್ಸಿ ಅಂಗಡಿ. ಬಳೆ, ಕ್ಲಿಪ್ಪು, ಮೊಬೈಲ್ ಕವರ್ ಮಾರುವ ಮನುಷ್ಯ ಇಂಜಿನಿನ ಉಸಿರಾಟದ ಬಗ್ಗೆ ಚಿಂತಿಸುವ ಅಗತ್ಯವಿರಲಿಲ್ಲ. ಆದರೆ ಬೆಳ್ಳಾರೆ ರಸ್ತೆಯ ಏರಿನಲ್ಲಿ ಅವನಿಗೆ ದೊಡ್ಡ ಅವಮಾನವಾಯಿತು. ಅವನು ತನ್ನ ಹಳೆಯ ಬೈಕಿನಲ್ಲಿ ಮೂರನೆಯ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಯುತ್ತಾ ಹತ್ತುತ್ತಿದ್ದಾಗ ಪಕ್ಕದ ಮನೆಯ ಚಿನ್ಮಯ ಅವನನ್ನು ದಾಟಿ ಹೋದ. ಹೋದದ್ದು ಸ್ಕೂಟರಿನಲ್ಲಿ. ಸ್ಕೂಟರಿನ ಹಿಂದೆ ಅವನ ತಾಯಿ ಸತ್ಯವತಿಯಮ್ಮ ಕುಳಿತಿದ್ದರು, ಮುಂದೆ ಕಾಲ ಬಳಿ ದನದ ಹಿಂಡಿಯ ಚೀಲವಿತ್ತು.

“ಎಂತ ಇಮ್ತಿಯಾಝಣ್ಣ, ಬೈಕಿಗೆ ದಮ್ಮು ಕಟ್ಟಿತಾ?” ಎಂದು ಚಿನ್ಮಯ ಕೂಗಿದ.

ಅಷ್ಟಾದರೆ ಸಹಿಸಬಹುದಿತ್ತು. ಸತ್ಯವತಿಯಮ್ಮ ತಿರುಗಿ ನೋಡಿ, “ಪಾಪ” ಎಂದರು. ಬೈಕ್ ಇರುವ ಗಂಡಸಿಗೆ ಸ್ಕೂಟರಿನ ಹಿಂದಿನ ಸೀಟಿನಿಂದ ಬರುವ ಪಾಪಕ್ಕಿಂತ ಕೆಟ್ಟ ಬೈಗುಳವಿಲ್ಲ.

ಆ ಸಂಜೆಯೇ ಅವನು ವಿಡಿಯೋ ಹುಡುಕಿದ. ಗಡ್ಡದ ಒಬ್ಬ ಮನುಷ್ಯ ಹಿಂದಿಯಲ್ಲಿ ವಿವರಿಸುತ್ತಿದ್ದ. ಇಮ್ತಿಯಾಝನಿಗೆ ಅರ್ಧ ಅರ್ಥವಾಯಿತು, ಉಳಿದರ್ಧವನ್ನು ಅವನೇ ಸೇರಿಸಿಕೊಂಡ. ಸಾರಾಂಶ ಇಷ್ಟು: ಕಂಪೆನಿಯವರು ಹಾಕುವ ಕಾಗದದ ಫಿಲ್ಟರ್ ಎಂದರೆ ಮೂಗು ಹಿಡಿದುಕೊಂಡು ಓಡಿದ ಹಾಗೆ. ಅದನ್ನು ಕಿತ್ತು ಬಿಸಾಡಿ, ಎರಡು ತಂತಿಬಲೆಗಳ ನಡುವೆ ನಯವಾದ ಹತ್ತಿಬಟ್ಟೆಯನ್ನು ನೆರಿಗೆ ನೆರಿಗೆಯಾಗಿ ಮಡಚಿ, ಎಣ್ಣೆ ಸವರಿ ಕೂರಿಸಬೇಕು. ಗಾಳಿ ಧಾರಾಳ ನುಗ್ಗುತ್ತದೆ, ಧೂಳು ಎಣ್ಣೆಗೆ ಅಂಟುತ್ತದೆ, ಬೈಕ್ ಹಾರುತ್ತದೆ.

ಮರುದಿನ ಬೆಳಿಗ್ಗೆ ಫೌಝಿಯಾ ಅಡುಗೆಮನೆಯಿಂದ ಕೂಗಿದಳು.

“ನನ್ನ ಹಿಟ್ಟಿನ ಜರಡಿ ಎಲ್ಲಿ?”

“ಅದನ್ನು ಇಂಜಿನಿಗೆ ಕೊಟ್ಟಿದ್ದೇನೆ.”

“ಇಂಜಿನ್ ಎಂತ, ಅಕ್ಕಿರೊಟ್ಟಿ ತಟ್ಟುದಾ?”

ಸಂಶೋಧನೆಯಲ್ಲಿ ತೊಡಗಿದವರು ಮನೆಯವರ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ. ಜರಡಿಯ ಬಲೆ ಕತ್ತರಿಸಿಯಾಗಿತ್ತು. ಗಲ್ಫಿನಿಂದ ಬಂದ ಹಾಲಿನ ಪುಡಿಯ ಡಬ್ಬದಿಂದ ಬಳೆಯಂಥ ಚೌಕಟ್ಟೂ ತಯಾರಾಗಿತ್ತು. ಬಟ್ಟೆಯದ್ದೇ ಸಮಸ್ಯೆ. ಮೊದಲು ತನ್ನ ಹಳೆಯ ಲುಂಗಿ ಹಾಕಿ ನೋಡಿದ, ಬೈಕ್ ಗೇಟಿನವರೆಗೆ ಹೋಗಿ ನಿಂತಿತು. ಮೈ ಒರೆಸುವ ಬೈರಾಸು ಹಾಕಿದ, ಬೆಕ್ಕು ವಾಂತಿ ಮಾಡುವಂಥ ಸದ್ದು ಬಂದು ಅಲ್ಲಿಗೇ ಮುಗಿಯಿತು. ಫೌಝಿಯಾಳ ದುಪಟ್ಟಾದ ಕಡೆಗೆ ಕಣ್ಣು ಹಾಯಿಸಿದ. ಅವಳ ಕೈಯಲ್ಲಿ ಸೌಟು ಇತ್ತು.

ಅದೇ ಹೊತ್ತಿಗೆ ಅವನು ಉಮ್ಮ ಎಂದು ಕರೆಯುವ ತಾಯಿ ನೆಬೀಸ ಕಣ್ಣಿನ ಪರೀಕ್ಷೆಗೆಂದು ಪುತ್ತೂರಿಗೆ ಹೋಗಿದ್ದರು. ಇಮ್ತಿಯಾಝ್ ಅವರ ಕೋಣೆಗೆ ಹೋಗಿ ತಗಡಿನ ಪೆಟ್ಟಿಗೆ ತೆರೆದ. ತೀರಾ ಅಡಿಯಲ್ಲಿ, ಒಂದರೊಳಗೊಂದು ಹಾಕಿದ ಪ್ಲಾಸ್ಟಿಕ್ ಚೀಲಗಳ ಒಳಗೆ, ಬಿಳಿ ಬಟ್ಟೆಯ ಮಡಿಕೆಗಳಿದ್ದವು. ಎತ್ತಿ ಬೆಳಕಿಗೆ ಹಿಡಿದ. ಬೆಳಕು ಬೇಕಾದಷ್ಟೇ ಬಂತು. ಮುಟ್ಟಿದರೆ ನಯ. ಮೂಸಿದರೆ ಅತ್ತರಿನ ಪರಿಮಳ. ತೀರಿಹೋದ ಬಾಪ ಹಜ್ಜಿಗೆ ಹೋಗಿದ್ದಾಗ ಉಟ್ಟ ಬಟ್ಟೆ ಇದೇ ಇರಬೇಕು ಎಂದುಕೊಂಡ. ಬಾಪನಿಗೂ ಬೈಕ್ ಎಂದರೆ ಇಷ್ಟವಿತ್ತು, ಇದ್ದಿದ್ದರೆ ಅವರೇ ಕೊಡುತ್ತಿದ್ದರು ಎಂದೂ ಸೇರಿಸಿಕೊಂಡ. ಎಲ್ಲಕ್ಕಿಂತ ದೊಡ್ಡ ತುಂಡಿನ ಒಂದು ತುದಿಯಿಂದ ಕೈಯಳತೆಯಷ್ಟು ಬಟ್ಟೆಯನ್ನು ಹೊಲಿಗೆಯ ಕತ್ತರಿಯಿಂದ ನೂಲು ಹಿಡಿದಂತೆ ನೇರವಾಗಿ ಕತ್ತರಿಸಿದ. ಉಳಿದದ್ದನ್ನು ಮೊದಲಿದ್ದ ಹಾಗೆಯೇ ಮಡಚಿಟ್ಟ. ಅವನು ಜೀವನದಲ್ಲಿ ಅಚ್ಚುಕಟ್ಟಾಗಿ ಮಾಡಿದ ಕೆಲಸ ಇದೊಂದೇ. ಇದೇ ಅವನಿಗೆ ಮುಳುವಾಯಿತು.

ಫಿಲ್ಟರ್ ಎಣ್ಣೆಗೆ ಬದಲು ತೆಂಗಿನೆಣ್ಣೆ ಸವರಿದ. ಸೀಟಿನ ಕೆಳಗೆ ಕೂರಿಸಿದ. ಕಿಕ್ ಹೊಡೆದ. ಬೈಕ್ ‘ಭೋ’ ಎಂದಿತು. ಆಕ್ಸಿಲರೇಟರ್ ಬಿಟ್ಟರೆ ‘ಫಟ್’ ಎಂದು ಕೆಮ್ಮಿತು. ಎದುರಿನ ಕೊಟ್ಟಿಗೆಯಲ್ಲಿ ಸತ್ಯವತಿಯಮ್ಮನ ದನ ಹಗ್ಗ ಜಗ್ಗಿತು. ಇಮ್ತಿಯಾಝನ ಕಣ್ಣು ತುಂಬಿಬಂತು.

ಕೂಡಲೇ ಫೋಟೋ ತೆಗೆದು ಈಶ್ವರಮಂಗಲದಲ್ಲಿರುವ ಚಿಕ್ಕಪ್ಪನ ಮಗ ಅಫ್ರೀದನಿಗೆ ಕಳಿಸಿದ. ಅಫ್ರೀದ್ ಆ ಕ್ಷಣವೇ ಫೋನ್ ಮಾಡಿದ.

“ಇಮ್ತಿಯಾಝಿಚ್ಚ, ಬಟ್ಟೆ ಯಾವುದು?”

“ಸಾಮಾನ್ಯದ್ದಲ್ಲ ಮಾರಾಯ. ಮಕ್ಕದ ಹತ್ತಿ. ಉಮ್ಮಂದಿರ ಪೆಟ್ಟಿಗೆಯ ಅಡಿಯಲ್ಲಿ ಇರ್ತದೆ. ನಿಮ್ಮಲ್ಲಿಯೂ ಇರ್ಲೇಬೇಕು, ನಾಲ್ಕು ಜನ ಒಟ್ಟಿಗೇ ಹೋದದ್ದಲ್ವಾ ಹಜ್ಜಿಗೆ.”

ಇಷ್ಟು ಹೇಳಿ ಅವನು ಫೋನಿಟ್ಟ. ಹೇಳಿದ್ದನ್ನು ಮರೆತೂಬಿಟ್ಟ.

ಈಗ ಆ ಬಟ್ಟೆಯ ವಿಷಯ. ಅದು ನೆಬೀಸ ತಮ್ಮ ಸಾವಿಗೆಂದು ಇಟ್ಟುಕೊಂಡ ಕಫನ್ ಬಟ್ಟೆ. ಹಜ್ಜಿಗೆ ಹೋದಾಗ ಮಕ್ಕದ ಪವಿತ್ರ ಝಂಝಂ ನೀರಿನಲ್ಲಿ ಅದ್ದಿ, ಒಣಗಿಸಿ, ಅತ್ತರು ಹಚ್ಚಿ ತಂದದ್ದು. ಮಯ್ಯತ್ತಿಗೆ, ಅಂದರೆ ಹೆಣಕ್ಕೆ, ಸುತ್ತುವ ಐದು ತುಂಡುಗಳೂ ಅದರಲ್ಲಿದ್ದವು. ಮಗ ಮನೆ ನೋಡಿಕೊಳ್ಳುತ್ತಾನೆಂಬ ಭರವಸೆ ಅವರಿಗೆ ಇರಲಿಲ್ಲ, ಸೊಸೆ ಸಾರಿಗೆ ಉಪ್ಪು ಸರಿಯಾಗಿ ಹಾಕುತ್ತಾಳೆಂಬ ಭರವಸೆಯೂ ಇರಲಿಲ್ಲ. ಆದರೆ ಕೊನೆಯ ದಿನ ಈ ಬಟ್ಟೆ ಇದೆ ಎಂಬ ಒಂದೇ ಭರವಸೆಯ ಮೇಲೆ ಅವರು ಗಟ್ಟಿಮುಟ್ಟಾಗಿ ಬದುಕಿದ್ದರು.

ಹಜ್ಜಿನಲ್ಲಿ ಜೊತೆಗಿದ್ದವರು ಅವರ ಓರಗಿತ್ತಿ, ಅಂದರೆ ಅಫ್ರೀದನ ತಾಯಿ ಬೀಪಾತುಮ್ಮ. ಮಕ್ಕದ ವಸತಿಯ ತಾರಸಿಯಲ್ಲಿ ಇಬ್ಬರ ಬಟ್ಟೆಯೂ ಒಂದೇ ಹಗ್ಗದಲ್ಲಿ ಒಣಗಿತ್ತು. ಮಡಚುವಾಗ ಬೀಪಾತುಮ್ಮ ಉದ್ದದ್ದನ್ನು ಇಟ್ಟುಕೊಂಡು ಗಿಡ್ಡದ್ದನ್ನು ತನಗೆ ಕೊಟ್ಟಳು ಎಂದು ನೆಬೀಸರ ದೂರು. ವಿಮಾನ ಇಳಿದಾಗಿನಿಂದ ಇಬ್ಬರಿಗೂ ಮಾತಿಲ್ಲ. ಮದುವೆಗಳಲ್ಲಿ ಎದುರೆದುರು ಕುಳಿತರೂ ಮೂರನೆಯವರ ಮೂಲಕವೇ ಮಾತು.

ಪ್ರತಿವರ್ಷ ರಂಝಾನಿಗೆ ಮೊದಲು ನೆಬೀಸ ಕಫನನ್ನು ಹೊರತೆಗೆದು ನೆರಳಿನಲ್ಲಿ ಗಾಳಿಗೆ ಹಾಕುವುದು ಪದ್ಧತಿ. ಈ ಸಲ ಜಗಲಿಯಲ್ಲಿ ಚಾಪೆ ಹಾಸಿ ದೊಡ್ಡ ತುಂಡನ್ನು ಬಿಡಿಸಿದರು. ನೋಡುತ್ತಲೇ ಏನೋ ಕಡಿಮೆ ಎನಿಸಿತು. ಫೌಝಿಯಾಳನ್ನು ಕರೆದು ತಾವು ಅದರ ಮೇಲೆ ಮಲಗಿದರು. ಅಳತೆ ಸರಿಯಾಗಬೇಕಾದರೆ ಸತ್ತವರ ಹಾಗೆಯೇ ಮಲಗಬೇಕೆಂದು ಕೈಕಾಲು ನೀಡಿ ಕಣ್ಣು ಮುಚ್ಚಿದರು.

“ನೋಡು, ಕಾಲು ಒಳಗುಂಟಾ?”

“ಇಲ್ಲ ಉಮ್ಮ. ಪಾದ ಹೊರಗುಂಟು. ತಲೆಯ ಹತ್ತಿರವೂ ಗಂಟು ಹಾಕ್ಲಿಕ್ಕೆ ಬಟ್ಟೆ ಇಲ್ಲ.”

“ನಾನು ಉದ್ದ ಆದದ್ದಾ?”

“ಈ ಪ್ರಾಯದಲ್ಲಿ ಯಾರು ಉದ್ದ ಆಗ್ತಾರೆ ಉಮ್ಮ?” ಎಂದು ಫೌಝಿಯಾ ಬಾಯಿಗೆ ಕೈ ಒತ್ತಿಕೊಂಡಳು. ಸರಿಯಾಗಿ ಆಗಲೇ ಸತ್ಯವತಿಯಮ್ಮ ಇವರ ಪಾತ್ರೆ ವಾಪಸ್ಸು ಕೊಡಲು ಬಂದರು. ಬಿಳಿ ಬಟ್ಟೆಯ ಮೇಲೆ ಕಣ್ಣು ಮುಚ್ಚಿ ಮಲಗಿದ ನೆಬೀಸ, ಕಾಲ ಬಳಿ ಬಾಯಿಗೆ ಕೈ ಒತ್ತಿದ ಸೊಸೆ. ಸತ್ಯವತಿಯಮ್ಮನ ಕೈಯಿಂದ ಪಾತ್ರೆ ಬಿತ್ತು. ಅವರು ಹಾಕಿದ ಕಿರುಚಾಟ ಜಂಕ್ಷನಿನ ಬಸ್ ಸ್ಟ್ಯಾಂಡಿಗೆ ಕೇಳಿಸಿತಂತೆ. ಆ ಸದ್ದಿಗೆ ನೆಬೀಸ ಥಟ್ಟನೆ ಎದ್ದು ಕುಳಿತರು. ಸತ್ಯವತಿಯಮ್ಮನ ಎರಡನೆಯ ಕಿರುಚಾಟ ಮೊದಲಿನದಕ್ಕಿಂತ ದೊಡ್ಡದಾಗಿತ್ತು.

ಚಿನ್ಮಯ ಮೊದಲ ಕಿರುಚಾಟಕ್ಕೇ ಬೇಲಿಯಿಂದ ಇಣುಕಿ ನೋಡಿದ್ದ, ಎರಡನೆಯದಕ್ಕೆ ಕಾಯಲಿಲ್ಲ. ಇಮ್ತಿಯಾಝನಿಗೆ ಫೋನ್ ಮಾಡಿ, “ಅಣ್ಣ, ಬೇಗ ಬನ್ನಿ, ಉಮ್ಮ...” ಎಂದ. ಮಸೀದಿಯ ಜಮಾಅತಿನ ಕಾರ್ಯದರ್ಶಿ ಅದ್ರಾಮ್ ಹಾಜಿಗೂ ಅಷ್ಟೇ ಹೇಳಿದ. ಹಾಜಿಯವರು ಕೆಲಸದ ಮನುಷ್ಯ, ಪೂರ್ತಿ ವಾಕ್ಯಕ್ಕೆ ಕಾಯುವವರಲ್ಲ.

ಇಮ್ತಿಯಾಝ್ ಅಂಗಡಿಯ ಶಟರ್ ಅರ್ಧಕ್ಕೇ ಬಿಟ್ಟು ಬೈಕ್ ಹತ್ತಿದ. ಅಳುತ್ತಾ ಓಡಿಸಿದ. ಅಂಥ ಹೊತ್ತಿನಲ್ಲೂ ಬೈಕ್ ಚೆನ್ನಾಗಿ ಎಳೆಯುತ್ತಿದೆ ಎಂಬುದು ಅವನ ಗಮನಕ್ಕೆ ಬಂತು. ಮನೆ ಮುಂದೆ ಜನ ಸೇರಿದ್ದರು. ನೂಕಿಕೊಂಡು ಒಳಗೆ ಹೋದರೆ ಉಮ್ಮ ಚಾಪೆಯ ಮೇಲೆ ಕುಳಿತು ನೀರು ಕುಡಿಯುತ್ತಿದ್ದರು.

“ಉಮ್ಮ!” ಎಂದು ಅವನು ಕುಸಿದು ಅವರ ಕಾಲು ಹಿಡಿದ.

“ಹೌದು, ಕಾಲನ್ನೇ ನೋಡು,” ಎಂದರು ನೆಬೀಸ. “ಕಾಲೇ ಹೊರಗೆ ಇರುದು. ನನ್ನ ಕಫನನ್ನು ಯಾರೋ ಕತ್ತರಿಸಿದ್ದಾರೆ.”

“ಯಾವ ಕಫನ್?”

“ಯಾವ ಕಫನಾ? ನನ್ನದೇ! ಮಕ್ಕದಿಂದ ತಂದದ್ದು. ಪೆಟ್ಟಿಗೆಯ ಅಡಿಯಲ್ಲಿ ಇಟ್ಟದ್ದು.”

ಇಮ್ತಿಯಾಝನ ಮುಖದ ರಕ್ತ ಎಲ್ಲಿಗೆ ಹೋಯಿತೋ ತಿಳಿಯದು. ಎಲ್ಲರೂ ಅದನ್ನು ತಾಯಿಯ ಮೇಲಿನ ಪ್ರೀತಿ ಎಂದು ತಿಳಿದರು.

“ಇಲಿ ಇರ್ಬಹುದು,” ಎಂದ ಕೊನೆಗೆ.

ಸತ್ಯವತಿಯಮ್ಮ ಬಟ್ಟೆಯ ಅಂಚನ್ನು ಎತ್ತಿ ಎಲ್ಲರಿಗೂ ತೋರಿಸಿದರು. “ಇಲಿ ಹೀಗೆ ಕತ್ತರಿಸ್ತದಾ? ಟೈಲರಿಂಗ್ ಕಲಿತ ಇಲಿಯಾ? ನೋಡಿ, ಎಷ್ಟು ನೇರ ಉಂಟು. ಸುಮ್ಮನೆ ಹೇಳುದಲ್ಲ ನೆಬೀಸಕ್ಕ, ಸಾಯುವವರ ಬಟ್ಟೆಯ ತುಂಡನ್ನು ಯಾರಾದರೂ ಹೀಗೆ ತೆಗೆದುಕೊಂಡು ಹೋದರೆ ಅದಕ್ಕೆ ಒಂದೇ ಕಾರಣ.”

“ಮಾಟ!” ಎಂದಿತು ಅರ್ಧ ಜಗಲಿ.

“ಅಲ್ಲಾಹ್!” ಎಂದಿತು ಉಳಿದರ್ಧ.

ಅದ್ರಾಮ್ ಹಾಜಿ ಆಗಷ್ಟೇ ಬಂದರು. ಸತ್ತವರು ಕುಳಿತಿರುವುದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ವಿಷಯ ತಿಳಿದ ಮೇಲೆ ಹಣೆ ಒರೆಸಿಕೊಂಡು, “ಇದೆಲ್ಲ ದೊಡ್ಡ ಸಂಗತಿ ಅಲ್ಲ. ಕಫನ್ ಯಾವ ಬಟ್ಟೆಯದ್ದೂ ಆಗ್ತದೆ ಅಂತ ಉಸ್ತಾದ್ ಎಷ್ಟು ಸಲ ಹೇಳಿದ್ದಾರೆ. ಪುತ್ತೂರಿನಿಂದ ಹೊಸತು ತಂದರಾಯ್ತು,” ಎಂದರು.

“ನಾನು ತರ್ತೇನೆ! ಈಗಲೇ ತರ್ತೇನೆ!” ಎಂದು ಇಮ್ತಿಯಾಝ್ ಎದ್ದ.

“ಪುತ್ತೂರಿನಲ್ಲಿ ಝಂಝಂ ಸಿಗ್ತದಾ?” ಎಂದು ನೆಬೀಸ ಕೇಳಿದರು. ಅವನು ಕುಳಿತ.

ಹಾಜಿಯವರು ಕೆಮ್ಮಿದರು. “ಒಂದು ಚಿಕ್ಕ ವಿಷಯ. ಚಿನ್ಮಯ ಫೋನ್ ಮಾಡಿದ ಕೂಡಲೇ ನಾನು ಕಬರಿನ ಗುಂಡಿ ತೋಡ್ಲಿಕ್ಕೆ ಹೇಳಿಬಿಟ್ಟೆ. ಅರ್ಧ ಆಗಿದೆಯಂತೆ.”

ಎಲ್ಲರೂ ಬೆಚ್ಚಿದರು. ನೆಬೀಸ ಮಾತ್ರ ಬೆಚ್ಚಲಿಲ್ಲ.

“ಎಲ್ಲಿ ತೋಡಿದ್ದು?”

“ಪಡುವಣ ಮೂಲೆಯಲ್ಲಿ.”

“ಆ ಮೂಲೆಯಲ್ಲಿ ಮಳೆಗಾಲ ನೀರು ನಿಲ್ತದೆ ಹಾಜಿ. ನನಗೆ ಮೊದಲೇ ಮಂಡಿನೋವು.” ಅವರು ಬಟ್ಟೆ ಮಡಚಿ ಎದ್ದರು. “ಇಮ್ತಿಯಾಝ್, ಬೈಕ್ ತೆಗಿ.”

“ಎಲ್ಲಿಗೆ ಉಮ್ಮ?”

“ಮೊದಲು ಪೊಲೀಸಿಗೆ. ಅಲ್ಲಿಂದ ಈಶ್ವರಮಂಗಲಕ್ಕೆ. ಕಳೆದ ತಿಂಗಳು ನಮ್ಮಲ್ಲಿ ಮೌಲೂದ್ ಓದಿಸಿದಾಗ ಬಂದು ನಮಾಝಿಗೆ ಅಂತ ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿದ್ದು ಯಾರು? ಬೀಪಾತು. ಮಕ್ಕದಲ್ಲಿ ಬದಲಾಯಿಸಿದ್ದು ಸಾಲದೆ ಈಗ ಕತ್ತರಿಸಿಕೊಂಡೂ ಹೋದಳು.”

“ಅಲ್ಲಿಂದ ಕೇರಳದ ಗಡಿಗೆ ಎಷ್ಟು ದೂರ? ಅಲ್ಲಿ ಮಾಟದವರು ಮೂರು ಹೊತ್ತೂ ಸಿಗ್ತಾರಂತೆ,” ಎಂದು ಸತ್ಯವತಿಯಮ್ಮ ತಮಗೆ ತಿಳಿದ ಭೂಗೋಳವನ್ನು ಸೇರಿಸಿದರು.

ಇಮ್ತಿಯಾಝ್ ರಿಕ್ಷಾ ತರುತ್ತೇನೆಂದ, ಜೀಪು ತರುತ್ತೇನೆಂದ, ಬಸ್ಸಿನಲ್ಲಿ ಹೋಗೋಣವೆಂದ. ನೆಬೀಸ ಅಷ್ಟು ಹೊತ್ತಿಗೆ ಬೈಕಿನ ಹಿಂದಿನ ಸೀಟಿನಲ್ಲಿ ಒಂದೇ ಕಡೆ ಕಾಲು ಹಾಕಿ ಕುಳಿತಾಗಿತ್ತು, ಮಡಿಲಲ್ಲಿ ಉಳಿದ ಕಫನಿನ ಚೀಲ. ಹೀಗೆ ಕಳವಾದ ಮಾಲಿನ ಮೇಲೆಯೇ ಕುಳಿತು, ಕಳ್ಳನ ಹೆಗಲು ಹಿಡಿದುಕೊಂಡು, ಅವರು ಕಳ್ಳನನ್ನು ಹುಡುಕಲು ಹೊರಟರು.

ಬೈಕ್ ‘ಭೋ’ ಎಂದಿತು. ಇಳಿಜಾರಿನಲ್ಲಿ ‘ಫಟ್’ ಎಂದಿತು.

“ಇದು ಯಾಕೆ ಹೀಗೆ ಕೆಮ್ಮುದು?”

“ಗಾಳಿ ಜಾಸ್ತಿ ಆಗ್ತದೆ ಉಮ್ಮ.”

ಸ್ವಲ್ಪ ದೂರ ಹೋದ ಮೇಲೆ ನೆಬೀಸ ಗಾಳಿಯನ್ನು ಮೂಸಿದರು. ಬಿಸಿಲಿಗೆ ಸೀಟು ಕಾದಿತ್ತು.

“ಇಮ್ತಿಯಾಝ್, ಅತ್ತರಿನ ಪರಿಮಳ ಬರ್ತಾ ಉಂಟು. ಮಕ್ಕದ್ದೇ ಅತ್ತರು. ಜೀವ ಕೊಂಡೊಯ್ಯುವ ಮಲಕುಗಳು ಹತ್ತಿರ ಬಂದದ್ದಾ ಮಗಾ?” ಅವರ ಸ್ವರ ಮೊದಲ ಸಲ ಇಳಿದಿತ್ತು. “ಕಫನ್ ಪೂರ್ತಿ ಆಗುವ ಮೊದಲು ಹೋಗ್ಲಿಕ್ಕೆ ನನಗೆ ಮನಸ್ಸಿಲ್ಲ.”

“ಮುಂದೆ ಕಾರು ಹೋಗ್ತಾ ಉಂಟಲ್ಲ ಉಮ್ಮ, ಅದರದ್ದು,” ಎಂದ ಇಮ್ತಿಯಾಝ್. ಮುಂದೆ ಹೋಗುತ್ತಿದ್ದುದು ಮೀನಿನ ಟೆಂಪೋ.

ಹೇಳಿಬಿಡಬೇಕು ಎಂದು ಅವನು ಪ್ರತಿ ತಿರುವಿನಲ್ಲೂ ನಿರ್ಧರಿಸಿದ. ತಿರುವು ಮುಗಿದ ಮೇಲೆ ಮುಂದಿನ ತಿರುವಿಗೆ ಮುಂದೂಡಿದ. ಆ ರಸ್ತೆಯಲ್ಲಿ ತಿರುವುಗಳಿಗೆ ಬರಗಾಲವಿಲ್ಲ.

ಹೊರಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಮಹಾಬಲ ಊಟ ಮುಗಿಸಿ ಹಲ್ಲು ಚುಚ್ಚುತ್ತಿದ್ದರು. ಅಂಗಳಕ್ಕೆ ಬಂದ ಬೈಕನ್ನು ನೋಡಿದವರೇ, “ಹಿಂದೆ ಕೂತವರಿಗೆ ಹೆಲ್ಮೆಟ್ ಎಲ್ಲಿ?” ಎಂದರು.

“ಕಫನೇ ಇಲ್ಲ, ಇನ್ನು ಹೆಲ್ಮೆಟ್ ಎಂತಕ್ಕೆ?” ಎಂದರು ನೆಬೀಸ.

ಮಹಾಬಲ ಕುರ್ಚಿಯಿಂದ ಎದ್ದು ನಿಂತರು. ಸಾವಿನ ಮನೆಯವರೆಂದು ತಿಳಿದು ದನಿ ತಗ್ಗಿಸಿದರು. “ಕುಳಿತುಕೊಳ್ಳಿ ಅಮ್ಮ. ಯಾರು ತೀರಿಕೊಂಡದ್ದು?”

“ಯಾರೂ ಇಲ್ಲ.”

“ಮತ್ತೆ ಕಫನ್ ಯಾರದ್ದು?”

“ನನ್ನದು.”

ಮಹಾಬಲ ಇಮ್ತಿಯಾಝನ ಮುಖ ನೋಡಿದರು. ಅಲ್ಲಿ ನೆಬೀಸರ ಮುಖಕ್ಕಿಂತ ಹೆಚ್ಚು ಸಾವಿನ ಕಳೆ ಇತ್ತು. ಅವರು ಮತ್ತೆ ಕುಳಿತರು.

“ಅಮ್ಮ, ನಾನು ಚಿನ್ನದ ಕಳವು ನೋಡಿದ್ದೇನೆ, ಅಡಿಕೆಯ ಕಳವು ನೋಡಿದ್ದೇನೆ, ಒಮ್ಮೆ ಪಂಪ್‌ಸೆಟ್ಟನ್ನೇ ಕಿತ್ತುಕೊಂಡು ಹೋದದ್ದೂ ನೋಡಿದ್ದೇನೆ. ಬದುಕಿದ್ದವರ ಕಫನ್ ಕದ್ದದ್ದನ್ನು ನನ್ನ ಸರ್ವಿಸಿನಲ್ಲಿ ನೋಡಿಲ್ಲ. ಅದನ್ನು ಕದ್ದು ಮಾಡುದು ಎಂತ?”

“ಅದನ್ನೇ ನೀವು ಹುಡುಕಬೇಕು. ಅದಕ್ಕೇ ಸರಕಾರ ನಿಮಗೆ ಟೊಪ್ಪಿ ಕೊಟ್ಟದ್ದು.”

“ಯಾರ ಮೇಲಾದರೂ ಸಂಶಯ ಉಂಟಾ?”

ಇಮ್ತಿಯಾಝ್ ಗೋಡೆಗೆ ಒರಗಿ ಕಣ್ಣು ಮುಚ್ಚಿದ. “ಸರ್,” ಎಂದ, “ಅದು ಎಂತದೆಂದ್ರೆ...”

“ಉಂಟು,” ಎಂದು ನೆಬೀಸ ಅವನ ಮಾತನ್ನು ಕತ್ತರಿಸಿದರು. “ಈಶ್ವರಮಂಗಲದ ಬೀಪಾತು. ಸಂಶಯ ಅಲ್ಲ, ಖಾತ್ರಿ.”

ಮಹಾಬಲ ಅಂಗಳದ ಬೈಕನ್ನು ಒಮ್ಮೆ ಸುತ್ತು ಹಾಕಿದರು. ಸೀಟಿನ ಕೆಳಗಿಂದ ಇರುವೆಗಳ ಸಾಲು ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತಿತ್ತು. “ಬೈಕಿನೊಳಗೆ ಎಂತ ಇಟ್ಟಿದ್ದೀ ಮಾರಾಯ, ಕಜ್ಜಾಯವಾ?” ಎಂದರು. ಮಹಾಬಲ ಉತ್ತರಕ್ಕೆ ಕಾಯದೆ, ಮನೆಯವರೊಳಗೆ ಮಾತಾಡಿ ಮುಗಿಸಿ, ಮುಗಿಯದಿದ್ದರೆ ಬನ್ನಿ ಎಂದು ಕಳಿಸಿಕೊಟ್ಟರು. ಹೋಗುವಾಗ ನೆಬೀಸರಿಗೆ ಸಲ್ಯೂಟ್ ಹೊಡೆದರು. ಯಾಕೆ ಹೊಡೆದೆನೆಂದು ಅವರಿಗೂ ಗೊತ್ತಾಗಲಿಲ್ಲ.

ಈಶ್ವರಮಂಗಲದಲ್ಲಿ ಬೀಪಾತುಮ್ಮ ಹಿತ್ತಿಲಿನಲ್ಲಿ ಮೆಟ್ಟುಕತ್ತಿಯ ಮುಂದೆ ಕುಳಿತು ಬಂಗುಡೆ ಕೊಯ್ಯುತ್ತಿದ್ದರು. ನೆಬೀಸರನ್ನು ಕಂಡದ್ದೇ ಮೀನು ಕೈಯಿಂದ ಜಾರಿತು. ಎಷ್ಟೋ ವರ್ಷಗಳಿಂದ ಈ ಅಂಗಳ ತುಳಿಯದ ಕಾಲುಗಳು ಅವು.

“ಇಮ್ತಿಯಾಝ್,” ಎಂದರು ನೆಬೀಸ, ತೆಂಗಿನಮರವನ್ನು ನೋಡುತ್ತಾ, “ಕೇಳು ಅವಳಲ್ಲಿ, ನನ್ನ ಕಫನಿನ ತುಂಡು ಎಲ್ಲುಂಟು ಅಂತ.”

“ಇಮ್ತಿಯಾಝ್,” ಎಂದರು ಬೀಪಾತುಮ್ಮ, ಮೀನನ್ನು ನೋಡುತ್ತಾ, “ಹೇಳು ಅವಳಿಗೆ, ನನಗೆ ಸಾಯ್ಲಿಕ್ಕೆ ನನ್ನದೇ ಬಟ್ಟೆ ಉಂಟು. ಅವಳ ಗಿಡ್ಡದ್ದು ನನಗೆ ಬೇಡ.”

“ಗಿಡ್ಡದ್ದು ಅಂತ ಒಪ್ಪಿಕೊಂಡಳಲ್ಲ! ಕೇಳಿದೆಯಾ? ಗಿಡ್ಡದ್ದು ನನಗೆ ಕೊಟ್ಟದ್ದು ಅವಳೇ!”

“ಕೇಳು ಅವಳಲ್ಲಿ, ಹಜ್ಜ್ ಮಾಡಿ ಬಂದವಳು ಕಳ್ಳತನ ಮಾಡ್ತಾಳಾ?”

“ಹೇಳು ಅವಳಿಗೆ, ಹಜ್ಜಿನಲ್ಲೇ ಮಾಡಿದವಳು ಮನೆಯಲ್ಲಿ ಮಾಡ್ಲಿಕ್ಕಿಲ್ವಾ?”

ಇಮ್ತಿಯಾಝ್ ಇಬ್ಬರ ನಡುವೆ ನಿಂತು ಒಂದು ಮಾತನ್ನೂ ದಾಟಿಸಲಿಲ್ಲ. ದಾಟಿಸುವ ಅಗತ್ಯವೂ ಇರಲಿಲ್ಲ, ಗಡಿಯಾಚೆಗೂ ಕೇಳಿಸುತ್ತಿತ್ತು. ಕೊನೆಗೆ ಬೀಪಾತುಮ್ಮ ಕೈ ತೊಳೆದು ಒಳಗೆ ಹೋಗಿ ತಮ್ಮ ಪೆಟ್ಟಿಗೆಯನ್ನೇ ಜಗಲಿಗೆ ಎಳೆದು ತಂದರು.

“ನೋಡ್ಲಿ. ಕಣ್ಣಿನ ಡಾಕ್ಟರ್ ಹತ್ತಿರ ಹೋಗಿದ್ದಾಳಲ್ಲ, ಸರಿಯಾಗಿ ನೋಡ್ಲಿ. ನನ್ನಲ್ಲಿ ನನ್ನದು ಮಾತ್ರ ಇರುದು. ತಂದ ಹಾಗೆಯೇ ಉಂಟು. ಒಂದು ನೂಲು ಹೆಚ್ಚಿದ್ದರೆ ನನ್ನನ್ನು ಕೇಳ್ಲಿ.”

ಬಟ್ಟೆ ಬಿಡಿಸಿದರು. ಅಳತೆ ತೋರಿಸಲೆಂದು ಅದರ ಮೇಲೆ ಧೈರ್ಯವಾಗಿ ಮಲಗಿದರು. ಕಣ್ಣು ಮುಚ್ಚಿದರು.

“ಹೇಳ್ಲಿ ಈಗ.”

ಬೀಪಾತುಮ್ಮನ ಪಾದ ಹೊರಗಿತ್ತು. ಪಾದ ಮಾತ್ರವಲ್ಲ, ಕಣಕಾಲು ಹೊರಗಿತ್ತು. ಕಣಕಾಲು ಮಾತ್ರವಲ್ಲ, ಹೆಚ್ಚುಕಡಿಮೆ ಮೊಣಕಾಲು ಹೊರಗಿತ್ತು.

ನೆಬೀಸ ಮೆಲ್ಲಗೆ ಕುಳಿತು, ಓರಗಿತ್ತಿಯ ಕಾಲನ್ನು ಮುಟ್ಟಿ ನೋಡಿದರು.

“ಬೀಪಾತು,” ಎಂದರು. “ನಿನ್ನದೂ ಹೋಗಿದೆ.”

ಬೀಪಾತುಮ್ಮ ಕಣ್ಣು ತೆರೆದರು. ಎದ್ದು ಕುಳಿತು ಬಟ್ಟೆಯ ತುದಿ ನೋಡಿದರು. ಅಷ್ಟೇ ನೇರವಾಗಿ ಕತ್ತರಿಸಿದ ಅಂಚು.

“ನೆಬೀಸಾ! ನಮ್ಮಿಬ್ಬರಿಗೂ ಯಾರೋ ಮಾಡಿಸಿದ್ದಾರೆ!”

ಮಕ್ಕದಿಂದ ಬಂದ ಮೇಲೆ ಒಬ್ಬರಿಗೊಬ್ಬರು ನೇರವಾಗಿ ಆಡಿದ ಮೊದಲ ಮಾತುಗಳು ಇವು. ಇಬ್ಬರೂ ಕೈ ಕೈ ಹಿಡಿದುಕೊಂಡು ಕುಳಿತರು. ಇಮ್ತಿಯಾಝನಿಗೆ ಒಂದು ಕ್ಷಣ ಆಸೆ ಹುಟ್ಟಿತು. ಕಳ್ಳನೊಬ್ಬ ಇಲ್ಲದಿದ್ದರೂ ನಡೆಯುತ್ತದೆ, ಮಾಟವೇ ಇರಲಿ, ಮಾಟಕ್ಕೆ ಮುಖವಿಲ್ಲ, ಅದನ್ನು ಯಾರೂ ಮೆಟ್ಟುಕತ್ತಿಯಿಂದ ಕೊಯ್ಯುವುದಿಲ್ಲ.

ಆಗ ರಸ್ತೆಯಲ್ಲಿ ‘ಭೋ’ ಎಂದಿತು. ಗೇಟಿನಲ್ಲಿ ‘ಫಟ್’ ಎಂದಿತು. ಅಫ್ರೀದ್ ತನ್ನ ದೊಡ್ಡ ಬೈಕಿನಲ್ಲಿ ಅಂಗಳಕ್ಕೆ ಬಂದು ನಿಂತ. ಅವನ ಜೊತೆಗೇ ತೆಂಗಿನೆಣ್ಣೆ ಮತ್ತು ಅತ್ತರಿನ ಪರಿಮಳ ಬಂತು.

ನೆಬೀಸ ಮೂಗು ಎತ್ತಿದರು. ಬೀಪಾತುಮ್ಮನೂ ಮೂಗು ಎತ್ತಿದರು. ಆ ಅತ್ತರನ್ನು ಇಬ್ಬರೂ ಮಕ್ಕದ ಒಂದೇ ಅಂಗಡಿಯಲ್ಲಿ ಚೌಕಾಸಿ ಮಾಡಿ ಕೊಂಡಿದ್ದರು.

ಅಫ್ರೀದ್ ಹೆಲ್ಮೆಟ್ ತೆಗೆದ. ಜಗಲಿಯಲ್ಲಿ ಹಾಸಿದ ಕಫನ್ ನೋಡಿದ, ದೊಡ್ಡಮ್ಮನನ್ನು ನೋಡಿದ, ಗೋಡೆಗೆ ಅಂಟಿಕೊಂಡ ಇಮ್ತಿಯಾಝನನ್ನು ನೋಡಿದ. ಅವನಿಗೆ ಯೋಚಿಸುವ ಅಭ್ಯಾಸವಿರಲಿಲ್ಲ.

“ಇಮ್ತಿಯಾಝಿಚ್ಚ,” ಎಂದ, “ನಿಮ್ಮದೂ ಸಿಕ್ಕಿಬಿತ್ತಾ?”

ಅಂಗಳದಲ್ಲಿ ಬೆಕ್ಕೊಂದು ಕೊಯ್ಯದೆ ಬಿಟ್ಟ ಬಂಗುಡೆಯನ್ನು ಕಚ್ಚಿಕೊಂಡು ಹೋಯಿತು. ಯಾರೂ ಓಡಿಸಲಿಲ್ಲ.

“ಸೀಟು ತೆಗಿ,” ಎಂದರು ನೆಬೀಸ.

“ಉಮ್ಮ, ಅದು ಬಾಪನ ಹಜ್ಜಿನ ಬಟ್ಟೆ ಅಂತ ನಾನು...”

“ಸೀಟು ತೆಗಿ.”

ತೆಗೆದ. ಹಾಲಿನ ಡಬ್ಬದ ಬಳೆಯ ಒಳಗೆ, ಫೌಝಿಯಾಳ ಜರಡಿಯ ಹಿಂದೆ, ನೆರಿಗೆ ನೆರಿಗೆಯಾಗಿ ಕುಳಿತಿತ್ತು ಝಂಝಂ ಕಂಡ ಬಟ್ಟೆ. ರಸ್ತೆಯ ಕೆಂಪು ಧೂಳು ಕುಡಿದು, ಎಣ್ಣೆ ಕುಡಿದು, ಬಾಣಲೆಯ ಅಡಿಯ ಬಣ್ಣಕ್ಕೆ ಬಂದಿತ್ತು. ಅದರ ತುಂಬಾ ಇರುವೆಗಳು ಸತ್ತು ಬಿದ್ದಿದ್ದವು. ಅಷ್ಟರ ಮಟ್ಟಿಗೆ ಅದು ಕಫನಿನ ಕೆಲಸವನ್ನೂ ಮಾಡಿತ್ತು.

“ಕುಂಬ್ರದಿಂದ ಇಲ್ಲಿವರೆಗೆ,” ಎಂದರು ನೆಬೀಸ, “ನಾನು ಇದರ ಮೇಲೆಯೇ ಕೂತಿದ್ದೆ. ಮಲಕುಗಳು ಬಂದದ್ದಾ ಅಂತ ನಿನ್ನ ಹತ್ತಿರ ಕೇಳಿದೆ. ನೀನು ಕಾರು ಅಂದೆ.”

ಇಮ್ತಿಯಾಝ್ ಸತ್ತ ಇರುವೆಗಳನ್ನು ಊದಿ ಹಾರಿಸಿದ.

“ಇದು ಇಲ್ಲಿ ಎಂತ ಮಾಡುದು?”

“ಇಂಜಿನಿಗೆ ಉಸಿರು ಕೊಡ್ತದೆ ಉಮ್ಮ.”

“ನನ್ನ ಉಸಿರು ನಿಂತ ಮೇಲೆ ಸುತ್ತುವ ಬಟ್ಟೆಯನ್ನು ಇಂಜಿನಿನ ಉಸಿರಿಗೆ ಕೊಟ್ಟದ್ದಾ?”

ಬೀಪಾತುಮ್ಮ ಅಫ್ರೀದನ ಬೈಕಿನಿಂದ ತಮ್ಮ ಪಾಲನ್ನೂ ಕೀಳಿಸಿದರು. ಅದು ಇನ್ನೂ ದೊಡ್ಡದಿತ್ತು. “ಇಷ್ಟು ಯಾಕೆ ಕತ್ತರಿಸಿದ್ದು? ಅವನು ಕೈಯಷ್ಟು ಕತ್ತರಿಸಿದ್ದಲ್ವಾ?”

“ನನ್ನ ಬೈಕಿಗೆ ಸಿಸಿ ಜಾಸ್ತಿ ಉಮ್ಮ,” ಎಂದ ಅಫ್ರೀದ್. ಅದು ಅವನು ಆ ದಿನ ಆಡಿದ ಕೊನೆಯ ಮಾತು. ಹಸಿ ಮೀನಿನ ವಾಸನೆಯ ಕೈಯಿಂದ ಬಿದ್ದ ಪೆಟ್ಟು ಹೇಗಿರುತ್ತದೆಂದು ತಿಳಿದವರು ಅವನ ಮೌನವನ್ನು ಅರ್ಥಮಾಡಿಕೊಳ್ಳುತ್ತಾರೆ.

“ಹೊಸ ಬಟ್ಟೆ ತಂದು, ಯಾರಾದರೂ ಉಮ್ರಾಕ್ಕೆ ಅಂತ ಮಕ್ಕಕ್ಕೆ ಹೋಗುವವರ ಹತ್ತಿರ ಕೊಟ್ಟು ಅದ್ದಿಸಿ...” ಎಂದು ಇಮ್ತಿಯಾಝ್ ತೊದಲಿದ.

“ಯಾರಾದರೂ ಯಾಕೆ? ನೀನೇ ಹೋಗು,” ಎಂದರು ನೆಬೀಸ. “ಆ ಬೈಕಿನಲ್ಲೇ ಹೋಗು. ಗಾಳಿ ಚೆನ್ನಾಗಿ ಎಳೀತದಲ್ಲ.”

ಆಮೇಲೆ ಇಬ್ಬರು ಹೆಂಗಸರೂ ಗಂಡುಮಕ್ಕಳ ಕಡೆ ಬೆನ್ನು ಹಾಕಿ ಜಗಲಿಯಲ್ಲಿ ಕುಳಿತರು. ಉಳಿದ ತುಂಡುಗಳನ್ನು ಒಂದರ ಪಕ್ಕ ಒಂದು ಹಾಸಿದರು. ತುದಿಗೆ ತುದಿ ಇಟ್ಟರು, ಅಡ್ಡಕ್ಕೆ ಇಟ್ಟರು, ಕೈಯಿಂದ ಅಳೆದರು. ಗಿಡ್ಡದ್ದು ಉದ್ದದ್ದು ಎಂಬ ಹಳೆಯ ಜಗಳಕ್ಕೆ ಈಗ ಆಧಾರವೇ ಉಳಿದಿರಲಿಲ್ಲ.

“ಎರಡನ್ನೂ ಸೇರಿಸಿದರೆ ಒಬ್ಬರಿಗೆ ಪೂರ್ತಿ ಆಗ್ತದೆ,” ಎಂದರು ಬೀಪಾತುಮ್ಮ.

“ಆಗ್ತದೆ,” ಎಂದರು ನೆಬೀಸ. “ಮೊದಲು ಹೋದವರಿಗೆ ಇದು. ಮತ್ತೊಬ್ಬರಿಗೆ ಪುತ್ತೂರಿನದ್ದು.”

“ಸರಿ. ಹಾಗಾದರೆ ಇದು ನನ್ನ ಪೆಟ್ಟಿಗೆಯಲ್ಲೇ ಇರ್ಲಿ.”

“ನಿನ್ನದರಲ್ಲಿ ಯಾಕೆ? ನಾನು ಹಿರಿಯಳು. ಮೊದಲು ಹೋಗುದು ನಾನು.”

“ಹಿರಿಯಳಾದರೆ ಸಾಕಾ? ನನಗೆ ಶುಗರ್ ಉಂಟು.”

“ನನಗೆ ಬಿಪಿ ಉಂಟು. ಎರಡು ಸಲ ಬಚ್ಚಲಲ್ಲಿ ಬಿದ್ದಿದ್ದೇನೆ.”

“ಬಿದ್ದು ಎದ್ದಿದ್ದೀಯಲ್ಲ! ನನ್ನ ಹಾರ್ಟಿಗೆ ಮಂಗಳೂರಿನಲ್ಲಿ ಸ್ಪ್ರಿಂಗ್ ಹಾಕಿದ್ದು. ಡಾಕ್ಟರ್ ಗ್ಯಾರಂಟಿ ಕೊಡ್ಲಿಲ್ಲ.”

“ಸ್ಪ್ರಿಂಗ್ ಹಾಕಿದವರು ಇನ್ನೂ ಇಪ್ಪತ್ತು ವರ್ಷ ಇರ್ತಾರೆ. ನನಗೆ ಎಂತದೂ ಹಾಕಿಲ್ಲ. ನಾನು ಈಗ ಕೂತಲ್ಲೇ ಹೋಗ್ಬಹುದು.”

“ಮೂರು ಗಂಟೆಯಿಂದ ಬೊಬ್ಬೆ ಹಾಕ್ತಾ ಇದ್ದೀ, ನೀನು ಹೋಗುದಾ? ಮಕ್ಕದಲ್ಲೂ ಹೀಗೇ, ಎಲ್ಲದಕ್ಕೂ ನೀನೇ ಮೊದಲು!”

“ಮಕ್ಕದ ಮಾತು ತೆಗೀಬೇಡ ಬೀಪಾತು!”

ಇಬ್ಬರೂ ಬಟ್ಟೆಯ ಒಂದೊಂದು ತುದಿ ಹಿಡಿದುಕೊಂಡಿದ್ದರು. ನೆಬೀಸ ಥಟ್ಟನೆ ಹಿಂದಕ್ಕೆ ತಿರುಗಿದರು.

“ಇಮ್ತಿಯಾಝ್, ಇಲ್ಲಿ ಬಾ. ನೀನೇ ಹೇಳು. ನಮ್ಮಿಬ್ಬರಲ್ಲಿ ಮೊದಲು ಸಾಯುದು ಯಾರು?”

“ಹೌದು, ಅವನೇ ಹೇಳ್ಲಿ,” ಎಂದರು ಬೀಪಾತುಮ್ಮ. “ಕತ್ತರಿಸಿದವನು ಅವನೇ. ನ್ಯಾಯವೂ ಅವನೇ ಹೇಳ್ಲಿ.”

ಇಬ್ಬರೂ ಅವನನ್ನೇ ನೋಡಿದರು. ಆಸೆಯಿಂದ ನೋಡಿದರು. ಅಂಥ ಪ್ರಶ್ನೆಗೆ ಉತ್ತರ ತಿಳಿಸುವ ವಿಡಿಯೋವನ್ನು ಇಮ್ತಿಯಾಝ್ ಇದುವರೆಗೆ ನೋಡಿರಲಿಲ್ಲ. ಅವನ ಕಿಸೆಯಲ್ಲಿ ಫೋನ್ ಹೊಡೆದುಕೊಂಡಿತು. ಎತ್ತಿದ. ಅದ್ರಾಮ್ ಹಾಜಿ.

“ಇಮ್ತಿಯಾಝ್, ತೋಡುವವರು ಕಾಯ್ತಾ ಇದ್ದಾರೆ ಮಾರಾಯ. ಆ ಗುಂಡಿಯನ್ನು ಎಂತ ಮಾಡುದು? ಮುಚ್ಚುದಾ, ಬಿಡುದಾ?”

ಇಮ್ತಿಯಾಝ್ ಉಮ್ಮನನ್ನು ನೋಡಿದ. ಚಿಕ್ಕಮ್ಮನನ್ನು ನೋಡಿದ. ಬಟ್ಟೆಯ ತುದಿಯನ್ನು ಇಬ್ಬರೂ ಬಿಟ್ಟಿರಲಿಲ್ಲ.

“ಸ್ವಲ್ಪ ಹೊತ್ತು ಹಾಗೇ ಇರ್ಲಿ ಹಾಜಿಗಳೇ,” ಎಂದ. “ಇಲ್ಲಿ ಇನ್ನೂ ತೀರ್ಮಾನ ಆಗ್ಲಿಲ್ಲ.”